ಸೇಬಿನ ತೋಟದಲ್ಲೊಂದು ಕೋಣೆ

ಜನವರಿ 11

ಗಡಿಬಿಡಿಗೆ,

ಕ್ಷೇಮ ಸಮಾಚಾರ ಬರೆಯಬೇಕಾದ ಜಾಗದಲ್ಲಿ ಈ ಸಲ ಮಾರಾಟ ಸಮಾಚಾರ. ನಿನ್ನೆ ಸಹಿ ಹಾಕಿದೆ, ಸಿಹಿ ತಿಂದೆ, ಕೀಲಿ ಕೊಟ್ಟೆ, ಖಾಲಿಯಾದೆ. ಪ್ರಾಸ ತಾನಾಗಿ ಬಂತು. ಕಣ್ಣೀರು ಬರಲಿಲ್ಲ, ಹಾಗಾಗಿ ನೀನು ಗಾಬರಿಪಡುವಂಥದ್ದೇನಿಲ್ಲ.

ಮನೆ ಕೊಂಡವರು ಚಪ್ಪಲಿ ವ್ಯಾಪಾರಿ. ಮಹಡಿಯಲ್ಲಿ ಗೋದಾಮು, ಕೆಳಗೆ ಅಪ್ಪನ ಬೈಂಡಿಂಗ್ ಅಂಗಡಿ ಇದ್ದಲ್ಲಿ ಶೋರೂಮ್ ಮಾಡುತ್ತಾರಂತೆ. ಗೋಡೆಯ ಹತ್ತಿರ ಮೂಗು ತಂದು, ಈ ಗೋಂದಿನ ವಾಸನೆ ಹೋಗಲು ಎಷ್ಟು ದಿನ ಬೇಕು ಎಂದು ಕೇಳಿದರು. ಅಪ್ಪ ಹೋಗಿ ವರ್ಷಗಳಾದವು, ವಾಸನೆ ಇನ್ನೂ ಹೊರಟಿಲ್ಲ ಎಂದೆ. ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಕಾಗದ ಕತ್ತರಿಸುವ ಯಂತ್ರವನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ. ಹೊಲಿಯುವ ದಬ್ಬಳ, ಕಾಗದ ಮಡಿಸುವ ಮೂಳೆಯ ಪಟ್ಟಿ, ನೂಲಿನ ಉಂಡೆ ಇಷ್ಟನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಅವನ್ನು ಯಾರೂ ಕೇಳಲಿಲ್ಲ.

ಫೋನ್ ಬಿಟ್ಟು ಇದೇನು ಹಳೇ ಕಾಲದ ಪತ್ರ ಎಂದು ನಿನ್ನ ಹೆಂಡತಿ ನಗಬಹುದು. ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹೂಂ’ ಎನ್ನುತ್ತೀ. ಬರೆಯುವಾಗ ಹೂಂ ಎಂದು ಪುಟ ತುಂಬಿಸಲಾಗದು, ಏನಾದರೊಂದು ಹೇಳಲೇಬೇಕಾಗುತ್ತದೆ.

ಆದ್ದರಿಂದ ನಾನೇ ಮೊದಲು ಬರೆದಿಡುತ್ತೇನೆ. ಮನೆ ಇಬ್ಬರದು. ನನ್ನ ಅರ್ಧವೂ ನಿನ್ನ ಅರ್ಧವೂ ಸೇರಿ ಹೊರದೇಶದಲ್ಲಿ ಸೇಬಿನ ತೋಟ. ತೋಟದ ನಡುವೆ ಪುಟ್ಟ ಮನೆ. ಆ ಮನೆಯಲ್ಲಿ ನನಗೊಂದು ಕೋಣೆ. “ಸಾಯೋ ತನಕ ನಿನ್ನದೇ ಅಕ್ಕ, ಯಾರೂ ಎಬ್ಬಿಸಲ್ಲ” ಎಂದು ನೀನು ನನ್ನ ಅಡುಗೆಮನೆಯಲ್ಲಿ ಕುಳಿತು ಹೇಳಿದೆ. ನಾನು ಬೇರೇನನ್ನೂ ಕೇಳಿಲ್ಲ, ಲಾಭದ ಪಾಲನ್ನೂ ಕೇಳಿಲ್ಲ.

ನೀನು ಬಿಟ್ಟುಹೋದ ಕಂಪನಿಯ ಪುಸ್ತಕವನ್ನು ಮತ್ತೆ ನೋಡಿದೆ. ಪುಟಪುಟದಲ್ಲೂ ಬಿಳಿ ಕೂದಲಿನ ಗಂಡಹೆಂಡತಿ ಸೇಬು ಹಿಡಿದು ನಗುತ್ತಿದ್ದಾರೆ. ಇಡೀ ಪುಸ್ತಕದಲ್ಲಿ ಒಬ್ಬರೂ ಬೆವರಿಲ್ಲ.

ಕೈಗಂಟಿದ ಗೋಂದನ್ನು ಇನ್ನೂ ಕೀಳುತ್ತಿರುವ,
ನಿನ್ನ ಅಕ್ಕ

ಜನವರಿ 29

ಅಕ್ಕನಿಗೆ,

ನಿನ್ನ ಪತ್ರ ನೋಡಿ ಸಂತೋಷವಾಯಿತು, ಸ್ವಲ್ಪ ಸಿಟ್ಟೂ ಬಂತು. ಮೂವತ್ತು ವರ್ಷವಾದರೂ ನನ್ನ ಅಡ್ಡಹೆಸರು ಬಿಟ್ಟಿಲ್ಲವಲ್ಲ ನೀನು.

ಈ ಸಲ ನನ್ನ ಗಡಿಬಿಡಿಗೆ ಕಾರಣವಿದೆ. ತೋಟ ಕೊಂಡವರಿಗೆ, ಅವರ ಹೆಂಡತಿ ಮಕ್ಕಳಿಗೆ ಆ ದೇಶದಲ್ಲಿ ನೆಲೆಸುವ ಪರವಾನಗಿ ಸಿಗುತ್ತದೆ. ಮಕ್ಕಳಿಗೆ ಹದಿನೆಂಟು ತುಂಬುವ ಮುಂಚೆ ಅದು ಕೈಗೆ ಬರಬೇಕು. ಗುಬ್ಬಿಗೆ ಆಗಲೇ ಹದಿನಾರು ದಾಟಿದೆ. ಅವಳ ಓದಿಗೆ ಅಲ್ಲಿ ಬಾಗಿಲು ತೆರೆದರೆ ನನ್ನ ಹಾಗೆ ಕಟ್ಟಡ ಕಟ್ಟಡ ಅಲೆದು ಲಿಫ್ಟ್ ಮಾರುವ ಬಾಳು ಅವಳಿಗೆ ಬರುವುದಿಲ್ಲ.

ತೋಟದ್ದು ನಮಗೆ ಒಂದಿಷ್ಟೂ ತಲೆನೋವಿಲ್ಲ. ಕೊಂಬೆ ಸವರುವುದು, ಔಷಧಿ ಹೊಡೆಯುವುದು, ಕೊಯ್ಯುವುದು, ಮಾರುವುದು ಎಲ್ಲ ಕಂಪನಿಯ ಕೆಲಸ. ವರ್ಷದ ಕೊನೆಗೆ ಅವರ ಖರ್ಚು ಕಳೆದು ನಮ್ಮ ಪಾಲು ಬರುತ್ತದೆ. ಹೊರಗಿನವರು ಅಲ್ಲಿ ಹೊಲ ಕೊಳ್ಳುವಂತಿಲ್ಲ, ಹಾಗಾಗಿ ನೆಲ ಕಂಪನಿಯ ಹೆಸರಿನಲ್ಲಿ, ಮರಗಳು ನಮ್ಮ ಹೆಸರಿನಲ್ಲಿ, ದೀರ್ಘ ಗುತ್ತಿಗೆ. ಎಲ್ಲ ಹೊರದೇಶದವರೂ ಹೀಗೇ ಕೊಳ್ಳುವುದು.

ಇನ್ನೊಂದು ಸಣ್ಣ ವಿಷಯ. ಪರವಾನಗಿ ಬೇಕಾದರೆ ಇಡೀ ತೋಟ ಒಬ್ಬರದೇ ಹೆಸರಿನಲ್ಲಿರಬೇಕು. ಅರ್ಧರ್ಧ ಹಾಕಿದರೆ ಇಬ್ಬರ ಅರ್ಜಿಯೂ ಬಿದ್ದುಹೋಗುತ್ತದೆ. ಸದ್ಯಕ್ಕೆ ನನ್ನ ಹೆಸರು ಹಾಕಿದ್ದೇನೆ. ನಿನ್ನದನ್ನು ಮುಂದಿನ ಹಂತದಲ್ಲಿ ಸೇರಿಸೋಣ. ಬರೀ ಕಾಗದದ ಮಾತು.

ಕೋಣೆ ವಿಷಯ ತಲೆಯಲ್ಲಿದೆ.

ಅವಸರದಲ್ಲೇ,
ತಮ್ಮ

ಮಾರ್ಚ್ 6

ಗಡಿಬಿಡಿಗೆ,

ಮುದ್ರಣಾಲಯದ ಹಿಂದೆ ಬಾಡಿಗೆ ಕೋಣೆ ಹಿಡಿದಿದ್ದೇನೆ. ಅವರದೇ ಬೈಂಡಿಂಗ್ ವಿಭಾಗದಲ್ಲಿ ದಿನಗೂಲಿ. ಒಂದು ಕಾಲದಲ್ಲಿ ಅಪ್ಪನ ಅಂಗಡಿಗೆ ಕೆಲಸ ಕೊಡುತ್ತಿದ್ದ ಜನ ಈಗ ನನಗೆ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ಆಗ ಕುರ್ಚಿ ಹಾಕುತ್ತಿದ್ದರು. ಕೋಣೆಯ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಕೈ ಚಾಚಿದರೆ ಆ ಗೋಡೆಯ ಸುಣ್ಣ ಬೆರಳಿಗೆ ಬರುತ್ತದೆ. ಬೆಳಿಗ್ಗೆಯೋ ಸಂಜೆಯೋ ತಿಳಿಯಬೇಕಾದರೆ ಬೀದಿಗೆ ಇಳಿಯಬೇಕು. ಸ್ವಲ್ಪ ಕಾಲದ ಮಾತು ಎಂದು ಮನೆಯೊಡತಿಗೆ ಹೇಳಿದ್ದೇನೆ. “ಎಲ್ಲರೂ ಹಾಗೇ ಹೇಳ್ಕೊಂಡೇ ಬರ್ತಾರೆ” ಎಂದರು.

ಮರ ನಮ್ಮದು, ನೆಲ ಅವರದು ಎಂದು ಬರೆದಿದ್ದೀ. ನೆಲವಿಲ್ಲದ ಮರಕ್ಕೆ ನಾವು ಮೇಜು ಎನ್ನುತ್ತೇವೆ. ಇರಲಿ, ನೀನು ವ್ಯವಹಾರಸ್ಥ, ನಾನು ವ್ಯಾಕರಣಸ್ಥೆ. ನಿನಗೆ ಅರ್ಥವಾಗಿದ್ದರೆ ಸಾಕು.

ಕಾಗದದ ಮಾತು ಎಂದೂ ಬರೆದಿದ್ದೀ. ನನ್ನ ಆಯುಷ್ಯವೆಲ್ಲ ಕಾಗದ ಹೊಲಿಯುವುದರಲ್ಲೇ ಕಳೆದಿದೆ, ನನ್ನ ಮುಂದೆ ಅದನ್ನು ಹಗುರವಾಗಿ ಹೇಳಬೇಡ. ಹೆಸರು ಯಾವ ಹಂತದಲ್ಲಾದರೂ ಸೇರಲಿ, ಅಲ್ಲಿಯವರೆಗೆ ‘ಅರ್ಧ ಅಕ್ಕನದು’ ಎಂದು ನಿನ್ನ ಕೈಯಲ್ಲಿ ಒಂದು ಸಾಲು ಬರೆದು ಕಳಿಸು. ಗುಬ್ಬಿಯ ಓದಿಗೆ ಅಡ್ಡ ಬರಲು ಕೇಳುತ್ತಿಲ್ಲ. ಅವಳು ಓದಲಿ, ಹಾರಲಿ, ಹಾರಿ ಬಂದು ಅತ್ತೆಯ ಕೋಣೆಯ ಕಿಟಕಿಯಲ್ಲಿ ಕೂರಲಿ.

ಕಿಟಕಿ ಎಂದೊಡನೆ ನೆನಪಾಯಿತು. ನನ್ನ ಕೋಣೆಯ ಕಿಟಕಿ ಯಾವ ಕಡೆಗಿದೆ? ಅಳತೆ ಎಷ್ಟು? ಇಲ್ಲಿ ಬೈಂಡಿಂಗಿಗೆ ಬಂದ ನೀಲಿ ಬಟ್ಟೆಯ ತುಂಡುಗಳು ಉಳಿದಿವೆ, ಪರದೆ ಹೊಲಿಯಬೇಕೆಂದಿದ್ದೇನೆ.

ಸಾಲು ಒಂದು, ಅಳತೆ ಎರಡು, ಇಷ್ಟನ್ನೇ ಕಾಯುತ್ತಿರುವ,
ಅಕ್ಕ

ಮೇ 20

ಅಕ್ಕನಿಗೆ,

ತಡವಾಯಿತು, ಬೈಯಬೇಡ. ಕಂಪನಿಯಿಂದ ಪತ್ರಗಳೆಲ್ಲ ಬಂದವು. ಫೋಟೋ ಇಟ್ಟಿದ್ದೇನೆ. ಸಾಲಿನ ತುದಿಯಲ್ಲಿ ಮರದ ಗೂಟ, ಅದರ ಮೇಲೆ ಹಿತ್ತಾಳೆಯ ಫಲಕ, ಫಲಕದಲ್ಲಿ ನನ್ನ ಹೆಸರು. ಅಪ್ಪ ಇದ್ದಿದ್ದರೆ ಹೆಮ್ಮೆ ಪಡುತ್ತಿದ್ದರು. ಗುಬ್ಬಿ ಗೆಳತಿಯರಿಗೆಲ್ಲ ತೋರಿಸಿದ್ದಾಳೆ.

ತೋಟದ ಮನೆಯ ವಿಷಯದಲ್ಲಿ ಒಂದು ನಿಯಮವಿದೆಯಂತೆ, ನನಗೂ ಈಗಲೇ ಗೊತ್ತಾಗಿದ್ದು. ಒಡೆಯರು ವರ್ಷಕ್ಕೆ ಎರಡು ವಾರ ಮಾತ್ರ ಉಳಿಯಬಹುದು. ಉಳಿದ ದಿನ ಕಂಪನಿ ಅದನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತದೆ. ಒಡೆಯರು ಎಂದರೆ ಪರವಾನಗಿಯಲ್ಲಿ ಹೆಸರಿರುವವರು: ಗಂಡ, ಹೆಂಡತಿ, ಮಕ್ಕಳು. ಅಕ್ಕತಂಗಿಯರಿಗೆ ಅದರಲ್ಲಿ ಜಾಗವಿಲ್ಲ. ಇದು ನಾನು ಮಾಡಿದ ನಿಯಮವಲ್ಲ.

ಆದರೆ ದಾರಿಯಿದೆ. ನೀನು ಮೊದಲು ನೋಡಿಕೊಂಡು ಬರುವುದಕ್ಕೆಂದು ವೀಸಾ ಹಾಕು. ಒಮ್ಮೆ ಒಳಗೆ ಕಾಲಿಟ್ಟರೆ ಮುಂದಿನದನ್ನು ಅಲ್ಲೇ ಮಾತಾಡಿ ಸರಿಮಾಡಬಹುದು ಎಂದು ಇಲ್ಲಿನ ಏಜೆಂಟ್ ಹೇಳುತ್ತಾರೆ.

ಕಿಟಕಿಯ ಅಳತೆಯನ್ನು ಕಂಪನಿಯವರಿಗೆ ಕೇಳಲು ನನಗೇ ಹೇಗೋ ಅನ್ನಿಸಿತು.

ನಿನ್ನ,
ತಮ್ಮ

ಜುಲೈ 2

ತಮ್ಮನಿಗೆ,

ವೀಸಾ ಕಚೇರಿಗೆ ಹೋಗಿ ಬಂದೆ. ಗಾಜಿನ ಹಿಂದೆ ಒಬ್ಬಳು ಹುಡುಗಿ, ಗುಬ್ಬಿಗಿಂತ ಸ್ವಲ್ಪ ದೊಡ್ಡವಳು, ಬಹಳ ಮರ್ಯಾದಸ್ಥಳು. ಗಂಡ ಇದ್ದಾರೆಯೇ ಎಂದಳು, ಇಲ್ಲ. ಮಕ್ಕಳು, ಇಲ್ಲ. ಸ್ವಂತ ಮನೆ, ಮಾರಿದೆ. ಕಾಯಂ ಕೆಲಸ, ದಿನಗೂಲಿ. ಒಂದೊಂದು ‘ಇಲ್ಲ’ಕ್ಕೂ ಅವಳ ಮುಖ ‘ಪಾಪ’ ಎಂದು ಇಳಿಯುತ್ತಿತ್ತು.

“ಹಾಗಾದ್ರೆ ನೀವು ವಾಪಸ್ ಬರ್ತೀರ ಅಂತ ನಾವು ಹೇಗೆ ನಂಬೋದು ಮೇಡಂ?” ಎಂದು ಕೇಳಿದಳು.

ಮನೆ ಮಾರಿ ಅಲ್ಲೇ ತೋಟ ತೆಗೆದುಕೊಂಡಿದ್ದೇವೆ, ಅರ್ಧ ನನ್ನದು ಎಂದೆ. ತಕ್ಷಣ ಅವಳ ಮುಖ ಅರಳಿತು. ದಾಖಲೆ ತೋರಿಸಿ ಎಂದಳು. ನೀನು ಕಳಿಸಿದ ಫೋಟೋ ತೋರಿಸಿದೆ. ಫಲಕದಲ್ಲಿರುವುದು ನಿಮ್ಮ ಹೆಸರಾ ಎಂದಳು. ನನ್ನ ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮತೊಡಗಿದರು.

ಅಲ್ಲಿ ಏನಿದೆ ಎಂದರೆ ಹೇಳಲು ಹೆಸರಿಲ್ಲ, ಇಲ್ಲಿ ಏನಿದೆ ಎಂದರೆ ಹೇಳಲು ಮನೆಯಿಲ್ಲ. ಅರ್ಜಿ ತಿರಸ್ಕೃತ, ನಾನು ಪುರಸ್ಕೃತಳಾಗಿ ಮೆಟ್ಟಿಲು ಇಳಿದೆ.

ನಾನು ಕೇಳಿದ್ದ ಒಂದು ಸಾಲು ಕೈಯಲ್ಲಿದ್ದಿದ್ದರೆ ತೋರಿಸುತ್ತಿದ್ದೆ. ಈಗಲೂ ತಡವಾಗಿಲ್ಲ. ‘ಇವಳು ನನ್ನ ಅಕ್ಕ, ತೋಟದ ಅರ್ಧ ಇವಳ ದುಡ್ಡು’ ಎಂದು ಬರೆದು ಸಹಿ ಹಾಕು. ಮತ್ತೆ ಅರ್ಜಿ ಹಾಕುತ್ತೇನೆ.

ಮೆಟ್ಟಿಲಿಳಿದ ಕಾಲು ಇನ್ನೂ ನೋಯುತ್ತಿರುವ,
ಅಕ್ಕ

ಆಗಸ್ಟ್ 30

ಅಕ್ಕ,

ವಕೀಲರ ಹತ್ತಿರ ಕೇಳಿದೆ. ಗುಬ್ಬಿಯ ಪರವಾನಗಿ ಕೈಗೆ ಬರುವವರೆಗೆ ಪಾಲು, ಅರ್ಧ ಎಂಬ ಮಾತು ಎಲ್ಲಿಯೂ ಬರವಣಿಗೆಯಲ್ಲಿ ಇರಬಾರದಂತೆ. ಈ ಪತ್ರವನ್ನೂ ಓದಿ ಹರಿದುಹಾಕಿದರೆ ಒಳ್ಳೆಯದು.

ಅಷ್ಟರವರೆಗೆ ನಮ್ಮ ಮನೆಗೆ ಬಾ. ಹಾಲ್‌ನಲ್ಲಿ ಒಂದು ಮರದ ಅಡ್ಡಗೋಡೆ ಹಾಕಿಸಿದರೆ ನಿನಗೆ ಸಾಕಾಗುತ್ತದೆ ಎಂದು ಇವಳೇ ಹೇಳಿದಳು. ಟಿವಿಯನ್ನು ಆಚೆಗೆ ಸರಿಸುತ್ತೇವೆ.

ತಮ್ಮ

ಫೆಬ್ರವರಿ 9

ತಮ್ಮನಿಗೆ,

ನಿಮ್ಮ ಟಿವಿ ಇದ್ದಲ್ಲೇ ಇರಲಿ. ನನಗೆ ಬೇರೆ ಕೆಲಸ ಸಿಕ್ಕಿದೆ, ಬೇಸಿಗೆ ಕಳೆದ ಮೇಲೆ ಊರು ಬಿಡಬೇಕಾಗುತ್ತದೆ. ಎಲ್ಲಿಗೆ ಎಂದು ಹೋಗಿ ಮುಟ್ಟಿದ ಮೇಲೆ ಬರೆಯುತ್ತೇನೆ.

ಗುಬ್ಬಿಗೆ ಪರೀಕ್ಷೆ ಹತ್ತಿರ ಬಂತು. ಅವಳು ಗಣಿತ ಬಿಟ್ಟು ಬೇರೆಲ್ಲ ಓದುತ್ತಾಳೆ, ಗಮನವಿರಲಿ.

ಅಕ್ಕ

ಸೆಪ್ಟೆಂಬರ್ 4

ಗಡಿಬಿಡಿಗೆ,

ಕೂತು ಓದು. ನಾನು ತೋಟದಲ್ಲಿದ್ದೇನೆ.

ಬೇರೆ ಯಾವುದೋ ತೋಟವಲ್ಲ, ನಿನ್ನದು, ನನ್ನದು, ಹಿತ್ತಾಳೆಯ ಫಲಕದ್ದು. ಕೊಯ್ಲಿನ ಕಾಲಕ್ಕೆ ಆಳುಗಳನ್ನು ಕಳಿಸುವ ಕಚೇರಿಯೊಂದು ನಮ್ಮ ಬಸ್ ನಿಲ್ದಾಣದ ಎದುರಿಗೇ ಇತ್ತು. ನಿನ್ನ ಪುಸ್ತಕದಲ್ಲಿದ್ದ ಕಂಪನಿಯ ಹೆಸರು ಹೇಳಿ, ಇಲ್ಲಿಗೇ ಕಳಿಸಿ ಎಂದೆ. ಬೆರಳು ನೋಡಿದರು, ಬೆನ್ನು ಬಗ್ಗಿಸಿ ಎಂದರು, ಪಾಸಾದೆ. ನೋಡಲು ಬರುತ್ತೇನೆ ಎಂದಾಗ ನಂಬದ ದೇಶ, ದುಡಿಯಲು ಬರುತ್ತೇನೆ ಎಂದೊಡನೆ ಟಿಕೆಟ್ ಕಳಿಸಿತು. ವಾಪಸ್ ಹೋಗುತ್ತೀರಾ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ, ಪಾಸ್‌ಪೋರ್ಟ್ ಕಂಪನಿಯ ಬೀರುವಿನಲ್ಲಿದೆ.

ಉದ್ದನೆಯ ತಗಡಿನ ಶೆಡ್ಡಿನಲ್ಲಿ ನಮ್ಮ ವಾಸ. ಒಂದರ ಮೇಲೊಂದು ಮಂಚ. ನನ್ನ ಮೇಲಿನ ಮಂಚದವಳು ಅವಳ ದೇಶದಲ್ಲಿ ನರ್ಸ್ ಆಗಿದ್ದಳಂತೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು, ಗೊರಕೆ ಮಾತ್ರ ಇಬ್ಬರಿಗೂ ಅರ್ಥವಾಗುತ್ತದೆ. ಬೆಳಿಗ್ಗೆ ಉಗುರು ತೋರಿಸಿ ತೋಟಕ್ಕೆ ಹೋಗಬೇಕು. ಉಗುರು ಬೆಳೆದಿದ್ದರೆ ಹಣ್ಣಿಗೆ ಗಾಯವಾಗುತ್ತದೆ. ಹೆಗಲಿಗೆ ಕ್ಯಾನ್ವಾಸಿನ ಚೀಲ ಕಟ್ಟಿಕೊಂಡು, ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ತಿರುಗಿಸಬೇಕು. ಎಳೆಯುವಂತಿಲ್ಲ. ಎಳೆದರೆ ಪಕ್ಕದಲ್ಲಿರುವ ಮುಂದಿನ ವರ್ಷದ ಮೊಗ್ಗು ಮುರಿಯುತ್ತದೆ. ಮೇಸ್ತ್ರಿ ಹೆಂಗಸು ಮೊದಲ ದಿನ ನನ್ನ ಕೈ ನೋಡಿ ಏನೋ ಅಂದಳು. ನರ್ಸ್ ಹೆಬ್ಬೆಟ್ಟೆತ್ತಿ ತೋರಿಸಿದಳು, ಹೊಗಳಿಕೆಯಂತೆ.

ನಿನ್ನ ಫಲಕದ ಸಾಲು ಬೇರೊಬ್ಬಳಿಗೆ ಬಂದಿತ್ತು. ನನ್ನದು ನಲ್ಲಿಯ ಹತ್ತಿರದ ಸಾಲು, ಎಲ್ಲರಿಗೂ ಆಸೆ. ಅದನ್ನು ಅವಳಿಗೆ ಕೊಟ್ಟು ಇದನ್ನು ಇಸಿದುಕೊಂಡೆ. ನನಗೆ ತಲೆ ಸರಿಯಿಲ್ಲ ಎಂದು ಶೆಡ್ಡೆಲ್ಲ ಸುದ್ದಿ. ನಮ್ಮ ಮರಗಳು ಆರೋಗ್ಯವಾಗಿವೆ. ಹಣ್ಣು ಮಾತ್ರ ನಮ್ಮದೆಂದು ಎಲ್ಲೂ ಉಳಿಯುವುದಿಲ್ಲ. ದೊಡ್ಡ ಪೆಟ್ಟಿಗೆಗೆ ಸುರಿದೊಡನೆ ಎಲ್ಲರದರ ಜೊತೆ ಸೇರಿಹೋಗುತ್ತದೆ.

ಮನೆಯನ್ನೂ ನೋಡಿದೆ. ಪ್ರವಾಸಿಗರು ಹೋದ ಮೇಲೆ ಹಾಸಿಗೆ ಬಟ್ಟೆ ಬದಲಾಯಿಸಲು ಇಬ್ಬರು ಬೇಕೆಂದರು, ನಾನು ಕೈಯೆತ್ತಿದೆ. ಒಳಗೆ ಎರಡು ಕೋಣೆ. ಚಿಕ್ಕದರ ಕಿಟಕಿ ಪೂರ್ವಕ್ಕಿದೆ. ಅಳತೆ ನಾನೇ ತೆಗೆದುಕೊಂಡೆ: ಅಗಲ ನನ್ನ ಆರು ಗೇಣು, ಎತ್ತರ ಐದು. ಬಿಸಿಲು ಮಂಚದ ಅರ್ಧದವರೆಗೆ ಬಿದ್ದಿತ್ತು. ಜೊತೆಗಿದ್ದವಳು ಬಾತ್‌ರೂಮ್ ತೊಳೆಯುತ್ತಿದ್ದಾಗ ಆ ಅರ್ಧದಲ್ಲಿ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು ಸುಕ್ಕು ಸರಿಮಾಡಿ ಬಂದೆ.

ಈ ತಿಂಗಳ ಕೊನೆಯ ವಾರ ಒಡೆಯರ ದಿನವಂತೆ. ಎಲ್ಲ ದೇಶಗಳಿಂದ ಒಡೆಯರು ಬರುತ್ತಾರೆ, ನೀವೂ ಬರುವಿರಿ. ಕಂಪನಿಯ ದೊಡ್ಡವರೂ ಆ ದಿನ ಇರುತ್ತಾರೆ. ನೀನು ನನ್ನನ್ನು ಅವರ ಮುಂದೆ ಕರೆದುಕೊಂಡು ಹೋಗಿ ಮೂರು ಮಾತು ಹೇಳು: ಇವಳು ನನ್ನ ಅಕ್ಕ. ನಮ್ಮಿಬ್ಬರ ದುಡ್ಡು. ಆ ಚಿಕ್ಕ ಕೋಣೆ ಇವಳಿಗೆ ಬೇಕು. ಒಡೆಯರ ಲೆಕ್ಕದಲ್ಲಿ ಆಗದಿದ್ದರೆ ಬಾಡಿಗೆಗಾದರೂ ಕೊಡಲಿ, ಕೂಲಿಯಲ್ಲಿ ಹಿಡಿದುಕೊಳ್ಳಲಿ. ಬರೆದುಕೊಡು ಎಂದು ಇನ್ನು ಕೇಳುವುದಿಲ್ಲ. ಬಾಯಲ್ಲಿ ಹೇಳಿದರೆ ಸಾಕು.

ಗುಬ್ಬಿಗೆ ಹೇಳಬೇಡ. ನೋಡಿ ಬೆಚ್ಚಿಬೀಳಲಿ.

ನಿನ್ನ ಹೆಸರಿನ ಮರದ ಕೆಳಗೆ ಕೂತು ಬರೆದ,
ಅಕ್ಕ

ಅಕ್ಟೋಬರ್ 12

ಅಕ್ಕನಿಗೆ,

ಲಕೋಟೆಯ ಮೇಲೆ ಕಳಿಸಿದವರ ಹೆಸರು ಹಾಕಿಲ್ಲ. ತಪ್ಪು ತಿಳಿಯಬೇಡ.

ಒಡೆಯರ ದಿನ ನೀನು ಟೋಪಿ ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದೆ, ಅದಕ್ಕೇ ತಕ್ಷಣ ಗುರುತು ಸಿಗಲಿಲ್ಲ ಎಂದು ಬರೆಯಲು ಕೂತಿದ್ದೆ. ಹಾಗೆಂದು ಒಂದು ಹಾಳೆ ತುಂಬಾ ಬರೆದೂ ಇದ್ದೆ, ಹರಿದುಹಾಕಿದೆ. ಗುರುತು ಸಿಕ್ಕಿತು. ನಿನ್ನ ಪತ್ರ ನಾವು ಹೊರಡುವ ಹಿಂದಿನ ದಿನ ತಲುಪಿತ್ತು. ದಾರಿಯುದ್ದಕ್ಕೂ ಅದು ನನ್ನ ಜೇಬಿನಲ್ಲಿತ್ತು.

ನಾನು ಏನು ಮಾಡಬೇಕಿತ್ತು ಹೇಳು. ದುಡ್ಡು ಎಲ್ಲಿಂದ ಬಂತು ಎಂದು ಅರ್ಜಿ ಹಾಕುವಾಗ ಕೇಳುತ್ತಾರೆ. ತಂದೆಯ ಮನೆ ಮಾರಿದ್ದು ಎಂದೆ. ಬೇರೆ ಮಕ್ಕಳಿದ್ದಾರೆಯೇ ಎಂದರು. ಇದ್ದಾರೆ ಎಂದರೆ ಅರ್ಧ ದುಡ್ಡು ಅವರದೆಂದು ಲೆಕ್ಕ, ಅರ್ಧಕ್ಕೆ ಪರವಾನಗಿ ಸಿಗುವುದಿಲ್ಲ. ಇಲ್ಲ ಎಂದೆ. ನಾನೊಬ್ಬನೇ ಮಗ ಎಂದೆ. ಒಂದು ಸಲ ಹೇಳಿದ ಮೇಲೆ ಕೇಳಿದಾಗಲೆಲ್ಲ ಅದನ್ನೇ ಹೇಳಬೇಕಾಯಿತು. ಆ ದಿನ ನನ್ನ ಬಲಗಡೆ ನಡೆಯುತ್ತಿದ್ದ ಕೋಟಿನವನೇ ಅದನ್ನೆಲ್ಲ ಕೇಳಿದ ಕಂಪನಿಯ ವಕೀಲ.

ಕೆಲಸದವರು ಸಾಲಾಗಿ ನಿಂತು ಆಯಾ ಸಾಲಿನ ಒಡೆಯನಿಗೆ ಬುಟ್ಟಿ ಕೊಡುವ ಕಾರ್ಯಕ್ರಮವಿದೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಬುಟ್ಟಿ ಹಿಡಿದು ನಿಂತಿದ್ದೆ. ನಾನು ತೆಗೆದುಕೊಂಡೆ. ನಿನ್ನ ಕಣ್ಣು ನೋಡಲಿಲ್ಲ, ಬುಟ್ಟಿಯನ್ನೇ ನೋಡಿದೆ. ಗುಬ್ಬಿ ಕೇಳಿದ್ದು, ನಾನು ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ. ಕೇಳಿಸದೆ ಇರಲಿ ಎಂದು ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ಡಿಸೆಂಬರಿನಲ್ಲಿ ಅವಳಿಗೆ ಹದಿನೆಂಟು. ಅಷ್ಟರಲ್ಲಿ ಪರವಾನಗಿ ಬರುತ್ತದೆ ಎನ್ನುತ್ತಿದ್ದಾರೆ. ಅಲ್ಲಿಯವರೆಗೆ ನೀನು ಕಚೇರಿಗೆ ಹೋಗಿ ಏನನ್ನೂ ಹೇಳಬೇಡ. ನಿನ್ನ ಕಾಲು ಹಿಡಿದು ಕೇಳುತ್ತೇನೆ. ಬಂದ ಮೇಲೆ ಎಲ್ಲವನ್ನೂ ಸರಿಮಾಡುತ್ತೇನೆ.

ಸೇಬು ರುಚಿಯಾಗಿದ್ದವು ಎಂದು ಬರೆಯಲು ಹೊರಟೆ. ನಾನು ತಿನ್ನಲಿಲ್ಲ. ಗುಬ್ಬಿಯೂ ತಿನ್ನಲಿಲ್ಲ.

ತಮ್ಮ

ನವೆಂಬರ್ 3

ತಮ್ಮನಿಗೆ,

ನಿನ್ನ ಪತ್ರ ಬಂತು. ಇಲ್ಲಿ ಪತ್ರ ಹಂಚುವ ಪದ್ಧತಿ ಹೇಳುತ್ತೇನೆ. ಸಂಜೆ ಕಚೇರಿಯ ಮೆಟ್ಟಿಲ ಮೇಲೆ ಗುಮಾಸ್ತ ನಿಲ್ಲುತ್ತಾನೆ, ಯಾರಿಂದ ಯಾರಿಗೆ ಎಂದು ಗಟ್ಟಿಯಾಗಿ ಕೂಗುತ್ತಾನೆ. ನಿನ್ನದಕ್ಕೆ ‘ಹೆಸರಿಲ್ಲದವರಿಂದ’ ಎಂದು ಕೂಗಿದ. ಹೆಂಗಸರೆಲ್ಲ ಓ ಎಂದು ನಕ್ಕರು. ಈ ವಯಸ್ಸಿನಲ್ಲಿ ನನಗೊಬ್ಬ ಗುಟ್ಟಿನ ಗೆಳೆಯನಿದ್ದಾನೆ ಎಂದು ಮೂರು ದಿನ ಚುಡಾಯಿಸಿದರು. ನರ್ಸ್ ತನ್ನ ಕನ್ನಡಿ, ಬಾಚಣಿಗೆ ತಂದುಕೊಟ್ಟಳು. ನಾನೂ ತಲೆ ಬಾಚಿಕೊಂಡೆ. ಏನೆಂದು ಬಿಡಿಸಿ ಹೇಳಲಿ?

ಕೇಳಿಸಿತು. ನೂರಾರು ಜನ ಹತ್ತಾರು ಭಾಷೆಯಲ್ಲಿ ಗಿಜಿಗುಡುತ್ತಿದ್ದರು. ಅದರೊಳಗೆ ನಮ್ಮ ಮಾತು ಎಷ್ಟು ಮೆಲ್ಲಗೆ ಬಂದರೂ ಕಿವಿಗೆ ನೆಟ್ಟಗೆ ಬರುತ್ತದೆ. ತಿಂಗಳುಗಳಿಂದ ನಮ್ಮ ಮಾತನ್ನು ಬಾಯ್ತುಂಬ ಆಡದವಳ ಕಿವಿ ಬೇರೆ.

“ಅಪ್ಪಾ, ಅತ್ತೆ” ಎಂದಳು ಗುಬ್ಬಿ.

“ಅತ್ತೆ ಅಲ್ಲಮ್ಮ. ಯಾರೋ ಕೆಲಸದವರು, ನಡಿ” ಎಂದೆ ನೀನು.

ಅವಳು ನಡೆಯಲಿಲ್ಲ. ನೀನು ಮುಂದೆ ಹೋದ ಮೇಲೂ ನನ್ನ ಮುಂದೆ ನಿಂತೇ ಇದ್ದಳು. ಎಷ್ಟು ಎತ್ತರ ಬೆಳೆದಿದ್ದಾಳೆ, ನಾನು ಕತ್ತೆತ್ತಿ ನೋಡಬೇಕಾಯಿತು. ಅವಳ ಬಾಯಿ ಮತ್ತೆ ತೆರೆಯಿತು. ಕೋಟಿನವನು ಹಿಂತಿರುಗಿ ನೋಡುತ್ತಿದ್ದ. ನಾನು ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಈ ದೇಶದ ಭಾಷೆಯಲ್ಲಿ ಮೇಸ್ತ್ರಿ ನಮಗೆ ಹೇಳುವುದನ್ನೇ ಅವಳಿಗೆ ಹೇಳಿದೆ: ಮುಂದೆ ಸಾಗಿ. ಅವಳು ಹೋದಳು. ಹೋಗುವಾಗ ತಿರುಗಿ ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಮುಂದಿನ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದ್ದೆ. ನನ್ನ ಪಾಲಿಗೆ ಮುಂದಿನ ಬುಟ್ಟಿ ಇರಲಿಲ್ಲ.

ನೀನು ಅವಳಿಗೆ ಆಮೇಲೆ ಏನು ಹೇಳಿದೆ ಎಂದು ಕೇಳುವುದಿಲ್ಲ. ಅವಳು ನಂಬಿದ್ದರೂ ಕಷ್ಟ, ನಂಬದಿದ್ದರೂ ಕಷ್ಟ.

ಕೊಯ್ಲು ಮುಗಿಯಿತು. ನರ್ಸ್ ಊರಿಗೆ ಹೋದಳು. ನಾನೂ ಗಂಟು ಕಟ್ಟುತ್ತಿದ್ದಾಗ ಮೇಸ್ತ್ರಿ ಕಚೇರಿಗೆ ಕರೆದಳು. ಇವರ ಮಾತು ಈಗ ನನಗೆ ಅಷ್ಟಿಷ್ಟು ತಿಳಿಯುತ್ತದೆ. ಚಳಿಗಾಲದಲ್ಲಿ ಕೊಂಬೆ ಸವರಲು, ಕಸಿ ಕಟ್ಟಲು ನಾಲ್ಕು ಜನರನ್ನು ಕಾಯಂ ಮಾಡಿಕೊಳ್ಳುತ್ತಾರಂತೆ. ಕಾಯಂ ಆದವರಿಗೆ ಶೆಡ್ಡಲ್ಲ, ಗೋದಾಮಿನ ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಬೀಗ ನಮ್ಮದೇ. ಕೆಲಸ ಇರುವವರೆಗೆ ಯಾರೂ ಎಬ್ಬಿಸುವುದಿಲ್ಲ ಎಂದಳು.

ಕಚೇರಿಯ ಹೆಂಗಸು ಎಲ್ಲ ಕೇಳಿಕೊಂಡಳು. ಕೊನೆಗೆ ಒಂದು ಪ್ರಶ್ನೆ, ಕಾಯಂ ಮಾಡುವ ಮುಂಚೆ ಎಲ್ಲರಿಗೂ ಕೇಳುತ್ತಾರಂತೆ. ಒಡೆಯರ ನೆಂಟರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ, ತಮ್ಮ ಮರಗಳಿಗೇ ನೀರು ಹೆಚ್ಚು ಬಿಡುತ್ತಾರೆಂದು ಭಯ. ಒಡೆಯರಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದಳು.

ಕೋಟಿನವನು ಅದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ. ಇದ್ದಾರೆ ಎಂದರೆ ಸಾಕಿತ್ತು. ನಿನ್ನ ಪತ್ರಗಳೆಲ್ಲ ನನ್ನ ಚೀಲದಲ್ಲಿದ್ದವು, ಹರಿದುಹಾಕು ಎಂದು ನೀನು ಬರೆದದ್ದೂ ಇತ್ತು. ಪತ್ರ ಹರಿಯುವ ಅಭ್ಯಾಸ ನನಗಿಲ್ಲ, ನಾನು ಹೊಲಿಯುವವಳು. ಆ ಹೆಂಗಸು ಲೇಖನಿ ಎತ್ತಿ ಹಿಡಿದು ಕಾಯುತ್ತಿದ್ದಳು. ನಿನ್ನ ಮುಖ ಕಣ್ಣ ಮುಂದೆ ಬಂದಿದ್ದರೆ ಏನು ಹೇಳುತ್ತಿದ್ದೆನೋ. ಬಂದದ್ದು ಗುಬ್ಬಿಯ ಮುಖ, ಮತ್ತೆ ತೆರೆದ ಬಾಯಿ.

ಯಾರೂ ಇಲ್ಲ ಎಂದೆ. ಕಷ್ಟವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೇಗೆ ಹೇಳಬೇಕೆಂದು ನಿನ್ನಿಂದ ಕೇಳಿ ಕಲಿತಿದ್ದೆನಲ್ಲ, ಮೆಲ್ಲಗೆ, ಬುಟ್ಟಿ ನೋಡುವ ಹಾಗೆ ಬಗ್ಗಿ.

ಕೋಣೆ ಸಿಕ್ಕಿತು. ಕಿಟಕಿ ಉತ್ತರಕ್ಕೆ, ಬಿಸಿಲಿಲ್ಲ. ನಿನ್ನೆ ಬೀಗ ಹಾಕಿ ನೋಡಿದೆ, ತೆಗೆದು ನೋಡಿದೆ. ಡಿಸೆಂಬರಿನಲ್ಲಿ ಪರವಾನಗಿ ಬಂದ ಮೇಲೆ ಎಲ್ಲವನ್ನೂ ಸರಿಮಾಡುತ್ತೇನೆ ಎಂದಿದ್ದೀ. ಏನನ್ನೂ ಸರಿಮಾಡಬೇಡ. ನೀನು ಈಗ ನನ್ನನ್ನು ಅಕ್ಕ ಎಂದರೆ ನನ್ನ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕೋಣೆ ಹೋಗುತ್ತದೆ. ಮುಂದಿನ ಸಲ ಒಡೆಯರ ದಿನಕ್ಕೆ ಬಂದಾಗ ಈ ಸಲದಂತೆಯೇ ಬುಟ್ಟಿ ತೆಗೆದುಕೊಂಡು ಹೋಗು. ನಾನೂ ಕೊಡುತ್ತೇನೆ.

ಪತ್ರವನ್ನೂ ಬರೆಯಬೇಡ. ಹೆಸರು ಹಾಕಿ ಕಳಿಸಿದರೆ ಗುಮಾಸ್ತ ಅದನ್ನು ಮೆಟ್ಟಿಲ ಮೇಲೆ ನಿಂತು ಕೂಗುತ್ತಾನೆ. ಹಾಕದೆ ಕಳಿಸಿದರೆ ಎಲ್ಲರೂ ನಗುತ್ತಾರೆ, ನಾನು ಮತ್ತೆ ತಲೆ ಬಾಚಿಕೊಳ್ಳಬೇಕಾಗುತ್ತದೆ.

ಈ ಪತ್ರಕ್ಕೆ ನಾನು ಸಹಿ ಹಾಕುತ್ತಿಲ್ಲ. ನಿಮ್ಮ ಮನೆಯಲ್ಲಿ ಯಾರ ಕೈಗಾದರೂ ಸಿಕ್ಕಿ, ಇದು ಯಾರದು ಎಂದು ಗುಬ್ಬಿ ಕೇಳಿದರೆ, ಯಾರೋ ಕೆಲಸದವರದು ಎನ್ನು.